ಕೌಂಟರಿನ ಕೆಳಗಿನ ಕಾಫಿ

ಆ ಅಂಗಡಿಯಲ್ಲಿ ನಾನು ಚಳಿಗಾಲ ಪೂರ್ತಿ ಹಾಲು ಮಾರಿದೆ. ಒಂದು ತೊಟ್ಟು ಹಾಲನ್ನೂ ಕಣ್ಣಾರೆ ನೋಡಲಿಲ್ಲ. ಡಬ್ಬಿ ಇತ್ತು, ಡಬ್ಬಿಯ ಮೇಲೆ ಹಸು ಇತ್ತು, ಹಸುವಿನ ಕೊರಳಲ್ಲಿ ಗಂಟೆಯೂ ಇತ್ತು. ಒಳಗೆ ಮಾತ್ರ ಗಾಳಿ. ಬೆಣ್ಣೆಯ ಕಾಗದದೊಳಗೆ ಮರದ ತುಂಡು, ಸಕ್ಕರೆಯ ಪೊಟ್ಟಣದೊಳಗೆ ಮರಳು. ಸೇಬು ಮೇಣದ್ದು. ನಮ್ಮ ಜೊತೆಗಿದ್ದ ಎಕಾರ್ಟ್ ಮೊದಲ ದಿನವೇ ಒಂದನ್ನು ಕಚ್ಚಿ ನೋಡಿದ್ದ. ಅವನ ಹಲ್ಲಿನ ಗುರುತು ಬಿದ್ದ ಆ ಸೇಬನ್ನು ನಾವು ರಿಯಾಯಿತಿ ದರಕ್ಕೆ ಮಾರುತ್ತಿದ್ದೆವು.

ಇದೇನು ಹುಚ್ಚರ ಸಂತೆಯಾ ಎಂದು ನನ್ನನ್ನು ಕೇಳಬೇಡಿ. ನಾನೂ ಅದನ್ನೇ ಕೇಳಿದ್ದೆ, ಉದ್ಯೋಗ ಕಚೇರಿಯ ಅಧಿಕಾರಿಣಿ ಫ್ರಾವ್ ನಿಚ್ಕೆ ಅವರನ್ನು. ನಮ್ಮೂರಿನಲ್ಲಿ ಕೆಲಸವಿಲ್ಲದವರ ಅನ್ನದ ಚೀಟಿ ಇರುವುದೇ ಅವರ ಕೈಯಲ್ಲಿ. ಮಗುವಿನ ತಳ್ಳುಗಾಡಿ ಮಾಡುವ ಕಾರ್ಖಾನೆ ಮುಚ್ಚಿದ ಮೇಲೆ ನಾನು ಮುದುಕರ ಆಶ್ರಮದಲ್ಲಿ ಬಟ್ಟೆ ಒಗೆದೆ, ಹೂವಿನ ಅಂಗಡಿಯಲ್ಲಿ ಕೂತೆ, ಅವೂ ಮುಚ್ಚಿದವು. ನಾನು ಕಾಲಿಟ್ಟಲ್ಲೆಲ್ಲ ಬಾಗಿಲು ಹಾಕುತ್ತಾರೆ ಎಂದು ನನ್ನ ಅತ್ತಿಗೆ ಆಡಿಕೊಳ್ಳುತ್ತಾಳೆ. ಕೊನೆಗೆ ಸರ್ಕಾರದ ಭತ್ಯೆಗೆ ಬಂದು ನಿಂತೆ. ಭತ್ಯೆ ಬೇಕೆಂದರೆ ಕಚೇರಿ ಹೇಳಿದ ತರಬೇತಿಗೆ ಹೋಗಬೇಕು. ಒಲ್ಲೆ ಎಂದರೆ ಮೂರರಲ್ಲಿ ಒಂದು ಪಾಲು ಕತ್ತರಿ.

"ನಿಮ್ಗೆ ದಿನಚರಿ ತಪ್ಪಿಹೋಗಿದೆ, ಫ್ರಾವ್ ಕಾಲಿಶ್. ಬೆಳಿಗ್ಗೆ ಏಳೋದು, ಹೊತ್ತಿಗೆ ಸರಿಯಾಗಿ ಹೋಗೋದು, ನಾಲ್ಕು ಜನರ ಜೊತೆ ಹೊಂದ್ಕೊಳ್ಳೋದು, ಇದೆಲ್ಲಾ ಮತ್ತೆ ಅಭ್ಯಾಸ ಆಗ್ಬೇಕು," ಎಂದರು ಫ್ರಾವ್ ನಿಚ್ಕೆ.

"ನಾನು ಈಗ್ಲೂ ಬೆಳಿಗ್ಗೆ ಐದಕ್ಕೇ ಏಳ್ತೀನಿ. ಎದ್ದು ಏನ್ಮಾಡ್ಲಿ ಅನ್ನೋದೇ ನನ್ನ ತೊಂದ್ರೆ."

"ಅದಕ್ಕೇ ಅಲ್ವಾ ಕಳಿಸ್ತಿರೋದು," ಎಂದು ಮೊಹರು ಒತ್ತಿಬಿಟ್ಟರು.

ಸ್ಟೇಷನ್ನಿನ ಹಿಂದೆ, ಮೊದಲು ಜಮಖಾನೆ ಮಾರುತ್ತಿದ್ದ ಗೋದಾಮಿನಲ್ಲಿ ಈ ಅಂಗಡಿ. ಶೆಲ್ಫು, ತಕ್ಕಡಿ, ಬಿಲ್ಲಿನ ಯಂತ್ರ, ತಳ್ಳುಬುಟ್ಟಿ, ಎಲ್ಲಾ ಅಸಲಿ. ಸರಕು ಮಾತ್ರ ಸುಳ್ಳು, ದುಡ್ಡೂ ಸುಳ್ಳು, ಮಕ್ಕಳಾಟದ ನೋಟು. ನಾವು ಇಪ್ಪತ್ತು ಮೂವತ್ತು ಜನ, ಹೆಚ್ಚುಕಮ್ಮಿ ಎಲ್ಲರೂ ಐವತ್ತು ದಾಟಿದವರು. ಒಂದು ವಾರ ಅರ್ಧ ಜನ ಅಂಗಡಿಯವರು, ಉಳಿದರ್ಧ ಗಿರಾಕಿಗಳು. ಮುಂದಿನ ವಾರ ಅದಲು ಬದಲು. ಸಂಜೆ ಗಿರಾಕಿಗಳು ಕೊಂಡ ಸಾಮಾನನ್ನೆಲ್ಲ ಮತ್ತೆ ಶೆಲ್ಫಿಗೆ ಜೋಡಿಸಿ ಮನೆಗೆ ಹೋಗುತ್ತಿದ್ದರು. ಮನೆಗೆ ಬರುವಾಗ ದಾರಿಯಲ್ಲಿ ನಿಜವಾದ ಅಂಗಡಿಗೆ ಹೋಗಿ ನಿಜವಾದ ಹಾಲು ತರಬೇಕಿತ್ತು. ಎಷ್ಟೋ ಸಲ ಬೆಳಗಿನಿಂದ ಹಾಲು ಮಾರಿ ಮಾರಿ ಸಾಕಾಗಿ ಅದನ್ನೇ ಮರೆತು ಮನೆ ಸೇರುತ್ತಿದ್ದೆ.

ನಮ್ಮ ಮೇಲೆ ಯಜಮಾನ ಹೆರ್ ಕ್ರೆಸಿನ್, ಪಶ್ಚಿಮದ ಹ್ಯಾನೋವರಿನಿಂದ ಬಂದ ಹುಡುಗ. ದೇಶವನ್ನು ಪೂರ್ವ ಪಶ್ಚಿಮ ಎಂದು ಸೀಳಿದ್ದ ಗೋಡೆ ಬಿದ್ದ ವರ್ಷ ಅವನಿನ್ನೂ ಶಾಲೆಗೆ ಹೋಗುತ್ತಿದ್ದನಂತೆ. ಕೆಟ್ಟವನಲ್ಲ, ಆದರೆ ಆ ಅಂಗಡಿಯನ್ನು ನಂಬಿದ್ದ. ಹಾಲಿನ ಡಬ್ಬಿಯ ಮೇಲಿನ ತಾರೀಕು ದಾಟಿದರೆ ಅದನ್ನು ಕಸಕ್ಕೆ ಹಾಕಿಸಿ, ಕೈ ತೊಳೆದುಕೊಂಡು ಬರಲು ಹೇಳುತ್ತಿದ್ದ.

ಒಂದು ಸೋಮವಾರ ಅವನು ನಮ್ಮನ್ನೆಲ್ಲ ತರಕಾರಿಯ ಹತ್ತಿರ ಸೇರಿಸಿ ಸುದ್ದಿ ಹೇಳಿದ. ಲೈಪ್ಸಿಗ್ ರಸ್ತೆಯಲ್ಲಿ ಹೊಸ ಸೂಪರ್ ಮಾರ್ಕೆಟ್ ಬರುತ್ತಿದೆ. ನಿಜವಾದದ್ದು. ನಮ್ಮ ತಂಡದಿಂದ ಒಬ್ಬರನ್ನು, ಒಬ್ಬರನ್ನೇ, ಕಾಯಂ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಯಾರೆಂದು ಹೇಳುವವರು ಫ್ರಾವ್ ನಿಚ್ಕೆ. ತಿಂಗಳ ಕೊನೆಗೆ ಅವರೇ ಬಂದು, ಗಿರಾಕಿಯ ಹಾಗೆ ಸುತ್ತಾಡಿ, ನೋಡಿ ಆರಿಸುತ್ತಾರೆ.

ನನಗೆ ಆ ಕೆಲಸ ಬೇಕಿತ್ತು. ಬೇಕಿತ್ತು ಎಂದರೆ ಸಾಲದು, ಹೊಟ್ಟೆ ಉರಿಯುವಷ್ಟು ಬೇಕಿತ್ತು. ದುಡ್ಡಿನ ಮಾತು ಬಿಡಿ, ಅದು ಯಾರಿಗೆ ಬೇಡ? ಬೆಳಗಿನಿಂದ ಸಂಜೆಯವರೆಗೆ ಗಾಳಿಯನ್ನು ತೂಗಿ ಕೊಟ್ಟು ನನಗೇ ನಾನು ಟೊಳ್ಳು ಎನ್ನಿಸತೊಡಗಿತ್ತು. ಒಳಗೆ ಏನಾದರೂ ಇರುವ ಒಂದೇ ಒಂದು ಪೊಟ್ಟಣ ಮಾರಬೇಕು, ಅದನ್ನು ಯಾರೋ ಮನೆಗೆ ಒಯ್ದು ತಿನ್ನಬೇಕು, ಅಷ್ಟೇ ನನ್ನ ಆಸೆ. ಈ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆಯುವುದಿಲ್ಲ ಎಂದೂ ಗೊತ್ತಿತ್ತು. ನನ್ನ ಬಿಲ್ಲಿನಲ್ಲಿ ಒಂದು ಕಾಸೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ, "ಗೆಲ್ಲೋದು ನೀನೇ ಕಣೇ" ಎಂದು ಗುಂಡುಲಾ ಕೂಡ ಹೇಳುತ್ತಿದ್ದಳು. ಗುಂಡುಲಾ ಕಾರ್ಖಾನೆಯ ಕಾಲದಿಂದಲೂ ನನ್ನ ಗೆಳತಿ. ಇಲ್ಲಿ ಸ್ಪಂಜಿನ ಬ್ರೆಡ್ಡು ಮಾರುತ್ತಿದ್ದಳು.

ಎಲ್ಲಾ ಕೆಟ್ಟಿದ್ದು ಆ ಗುಂಡುಲಾಳಿಂದಲೇ. ಅವಳದು ಗಿರಾಕಿಯ ವಾರ, ನನ್ನದು ಅಂಗಡಿಯ ವಾರ. ಬಂದವಳೇ ಕೌಂಟರಿನ ಮೇಲೆ ಮೊಣಕೈ ಊರಿ, "ಒಳ್ಳೇ ಕಾಫಿ ಏನಾದ್ರೂ ಬಂದಿದ್ಯೇನೇ?" ಎಂದಳು. ಚಿನ್ನದ ಪಟ್ಟಿಯ ಕಾಫಿ ಪೊಟ್ಟಣ ನಮ್ಮಲ್ಲಿ ಇದ್ದದ್ದೇ ಸ್ವಲ್ಪ.

"ಶೆಲ್ಫಲ್ಲೇ ಕೂತಿದ್ಯಲ್ಲ, ಕಣ್ಣು ಕಾಣ್ಸಲ್ವಾ?"

"ನಾಳೆ ಇರತ್ತೋ ಇಲ್ವೋ," ಎಂದು ಹೇಳಿ ಹೋದಳು.

ಅಷ್ಟೇ ಮಾತು. ಮರುದಿನ ಬೆಳಿಗ್ಗೆ ಶೆಲ್ಫು ಜೋಡಿಸುವಾಗ ನನ್ನ ಕೈ ಒಂದು ಪೊಟ್ಟಣವನ್ನು ತೆಗೆದು ಕೌಂಟರಿನ ಕೆಳಗೆ ಇಟ್ಟಿತು. ದೇವರಾಣೆ, ಯಾಕೆಂದು ನನಗೂ ಗೊತ್ತಿಲ್ಲ. ಗೋಡೆ ಬೀಳುವ ಮುಂಚೆ ಪೂರ್ವದ ನಮ್ಮ ಕಡೆ ಒಳ್ಳೆಯ ಸಾಮಾನು ಯಾವತ್ತೂ ಶೆಲ್ಫಿನಲ್ಲಿ ಇರುತ್ತಿರಲಿಲ್ಲ. ಗುರುತಿನವರು ಬಂದರೆ ಅಂಗಡಿಯವಳು ಅತ್ತ ಇತ್ತ ನೋಡಿ, ಬಗ್ಗಿ, ಕೆಳಗಿನಿಂದ ತೆಗೆದು, ಪೇಪರು ಸುತ್ತಿ ಕೊಡುತ್ತಿದ್ದಳು. ಅಂಥದ್ದಕ್ಕೆ ಬಗ್ಗಿ ಕೊಡುವ ಸರಕು ಎಂದೇ ಹೆಸರು. ಇಡೀ ಪ್ರಾಯವನ್ನು ಹಾಗೆ ಕಳೆದ ಕೈ ಅದು, ಪೊಟ್ಟಣದೊಳಗೆ ಏನೂ ಇಲ್ಲ ಎಂದು ಅದಕ್ಕೆ ಯಾರು ಹೇಳಬೇಕು?

ಗುಂಡುಲಾಗೆ ಬಗ್ಗಿ ಕೊಟ್ಟೆ. ಅವಳ ಮುಖ ಅರಳಿತು. ಮುಂದಿನ ವಾರ ಅವಳು ನನಗಾಗಿ ಗಸಗಸೆ ಕೇಕು ಎತ್ತಿಟ್ಟಳು, ಸ್ಪಂಜಿನದ್ದೇ. ಸಾಬೂನಿನ ವಿಭಾಗದವರು ಗುಂಡುಲಾಗೆ ಶಾಂಪೂ ಎತ್ತಿಟ್ಟರು. ಹತ್ತು ದಿನದಲ್ಲಿ ಇಡೀ ಅಂಗಡಿಯೇ ಕೌಂಟರಿನ ಕೆಳಗೆ ಇಳಿದುಹೋಯಿತು. ಸಂಜೆ ಸಾಮಾನು ವಾಪಸ್ಸು ಜೋಡಿಸುವ ಹೊತ್ತಿಗೆ ಅರ್ಧದಷ್ಟೇ ಬರುತ್ತಿತ್ತು. ಉಳಿದದ್ದನ್ನು ಜನ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯತೊಡಗಿದ್ದರು. ನಮ್ಮನೆ ಅಡುಗೆಮನೆಯಲ್ಲಿ ನಾಲ್ಕು ಖಾಲಿ ಕಾಫಿ ಪೊಟ್ಟಣ ಸಾಲಾಗಿ ನಿಂತಿದ್ದವು. ನಾಚಿಕೆಗೇಡು ಎನ್ನಿ, ದಿನಾ ಅದನ್ನು ನೋಡಿದರೆ ಒಂದು ಥರಾ ಧೈರ್ಯ.

ಶೆಲ್ಫು ಬರಿದಾಗುತ್ತಿದ್ದಂತೆ ಸಾಲು ಶುರುವಾಯಿತು. ಒಂದು ದಿನ ಎಕಾರ್ಟ್ ಮಾಂಸದ ವಿಭಾಗದ ಮುಂದೆ ಬೂಟಿನ ದಾರ ಕಟ್ಟಿಕೊಳ್ಳಲು ನಿಂತ. ಅವನ ಹಿಂದೆ ಒಬ್ಬಳು ಬಂದು ನಿಂತಳು. ಅವಳ ಹಿಂದೆ ಇನ್ನೊಬ್ಬ. ಅವನು ದಾರ ಕಟ್ಟಿ ಮುಗಿಸುವಷ್ಟರಲ್ಲಿ ಸಾಲು ಬಾಗಿಲು ಮುಟ್ಟಿತ್ತು. ಕ್ರೆಸಿನ್ ಓಡಿ ಬಂದ.

"ಏನ್ ಕೊಡ್ತಿದಾರೆ ಇಲ್ಲಿ?"

"ಗೊತ್ತಿಲ್ಲಪ್ಪ. ಮೊದ್ಲು ನಿಂತ್ಕೊಳ್ಳಿ, ಆಮೇಲೆ ಕೇಳಿ," ಎಂದಳು ಗುಂಡುಲಾ.

ಅವನು ಒಂದು ಗಳಿಗೆ ನಿಂತೂಬಿಟ್ಟ ಪಾಪ.

ಆಮೇಲೆ ಅವನು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ನಮಗೆ ಪಾಠ ಮಾಡಿದ. ಬೇಡಿಕೆ ಏರಿದರೆ ಪೂರೈಕೆಯೂ ಏರುತ್ತದೆ, ಇದು ಮಾರುಕಟ್ಟೆಯ ನಿಯಮ, ಇಲ್ಲಿ ಕೊರತೆ ಎನ್ನುವುದು ಸಾಧ್ಯವೇ ಇಲ್ಲ. ಹಾಗೆ ಹೇಳಿ, ಹಾಲೆ ಊರಿನ ಸಗಟು ಅಂಗಡಿಗೆ ಕಾಫಿ ಬೇಕೆಂದು ಕಂಪ್ಯೂಟರಿನಲ್ಲಿ ಬರೆದ. ಆ ಸಗಟು ಅಂಗಡಿಯೂ ನಮ್ಮ ಹಾಗೆಯೇ ಭತ್ಯೆಯವರ ತರಬೇತಿ. ಅಲ್ಲಿ ಖಾಲಿ ಪೊಟ್ಟಣ ಕೂಡ ಇರಲಿಲ್ಲ, ಬರೀ ಫೋನು ಮತ್ತು ಮೇಜು. ಮೂರು ವಾರ ಆಗುತ್ತದೆ ಎಂದು ಅಲ್ಲಿಂದ ಉತ್ತರ ಬಂತು. ಅವರಲ್ಲೂ ಕಾಫಿ ಮುಗಿದಿತ್ತಂತೆ. ಇಲ್ಲದೇ ಇರುವುದು ಮುಗಿಯುವುದು ಹೇಗೆ ಎಂದು ಕ್ರೆಸಿನ್ ತಲೆ ಕೆರೆದುಕೊಂಡ.

ಗುಂಡುಲಾ ಅವನ ಕೈಯಿಂದ ಫೋನು ಕಸಿದುಕೊಂಡಳು. "ನೋಡಮ್ಮಾ, ನಮ್ಮತ್ರ ಟಾಯ್ಲೆಟ್ ಪೇಪರ್ ಬೇಕಾದಷ್ಟಿದೆ. ಮೂರು ಪದರದ್ದು. ನಿಮ್ ಕಡೆ ಹೇಗೆ? ಹ್ಞಾಂ, ಅದೇ ನಾನೂ ಅಂದ್ಕೊಂಡೆ. ಸರಿ ಹಾಗಾದ್ರೆ, ಮಂಗಳವಾರ."

ಮಂಗಳವಾರ ಕಂಪ್ಯೂಟರಿನಲ್ಲಿ ಕಾಫಿ ಬಂತು.

"ಇದು ವ್ಯಾಪಾರ ಅಲ್ಲ!" ಎಂದು ಕ್ರೆಸಿನ್ ಕೂಗಿದ.

"ಅಲ್ವೇ ಅಲ್ಲ ಹೆರ್ ಕ್ರೆಸಿನ್. ಇದು ಪರಿಚಯ," ಎಂದಳು ಗುಂಡುಲಾ.

ಇಷ್ಟೆಲ್ಲದರ ನಡುವೆ ಎಕಾರ್ಟನ ಪಾಡು ನಾಯಿಪಾಡು. ಕಲ್ಲಿದ್ದಲ ಗಣಿಯಲ್ಲಿ ದೈತ್ಯ ಯಂತ್ರ ಓಡಿಸಿದ್ದ ಆಳು, ಈಗ ಅವನನ್ನು ಅಂಗಡಿಯ ಕಾವಲುಗಾರನ ತರಬೇತಿಗೆ ಹಾಕಿದ್ದರು. ಮಫ್ತಿಯಲ್ಲಿ ಓಡಾಡಿ ಕಳ್ಳರನ್ನು ಹಿಡಿಯಬೇಕು. ಒಬ್ಬನನ್ನಾದರೂ ಹಿಡಿಯದೆ ಅವನಿಗೆ ಪ್ರಮಾಣಪತ್ರ ಇಲ್ಲ. ನಾವು ಚೀಲದಲ್ಲಿ ಒಯ್ಯುತ್ತಿದ್ದುದೆಲ್ಲ ಆಟದ ದುಡ್ಡಿಗೆ ಬಿಲ್ಲು ಹಾಕಿಸಿಕೊಂಡ ಮಾಲು, ಅದು ಕಳ್ಳತನ ಆಗುತ್ತಿರಲಿಲ್ಲ.

"ರೋಸ್ವೀಟಾ, ಒಂದೇ ಒಂದ್ಸಲ ಏನಾದ್ರೂ ಕದಿಯೇ. ನಿನ್ ಕಾಲಿಗ್ ಬೀಳ್ತೀನಿ," ಎಂದು ನನ್ನ ಹತ್ತಿರ ಗೋಗರೆದ.

"ಹೋಗೋ ಆಚೆ. ಕದಿಯೋಕೆ ಏನೋ ಇದೆ ಇಲ್ಲಿ, ಗಾಳಿನಾ?"

"ಸುಮ್ನೆ ಆಟಕ್ಕೆ ಕಣೇ."

"ಆಟಕ್ಕೆ ಕದ್ರೆ ಭತ್ಯೆ ನಿಜವಾಗ್ಲೂ ಕತ್ತರಿಸ್ತಾರೆ. ಬೇರೆ ಯಾರಾದ್ರೂ ಬಕರಾ ಸಿಗ್ತಾರಾ ನೋಡ್ಕೋ."

ಅದು ನಿಜ. ಕಳ್ಳತನದ ವರದಿ ಬರೆದರೆ ಅದು ನೇರವಾಗಿ ಮಾಗ್ದೆಬುರ್ಗಿನ ಮೇಲಿನ ಕಚೇರಿಗೆ ಹೋಗುತ್ತಿತ್ತು. ಅಲ್ಲಿ ಕೂತವರಿಗೆ ಪೊಟ್ಟಣ ಖಾಲಿಯೋ ತುಂಬಿದ್ದೋ ಯಾವ ಲೆಕ್ಕವೂ ಇಲ್ಲ.

ಫ್ರಾವ್ ನಿಚ್ಕೆ ಬಂದ ದಿನ ನಾನು ಇಸ್ತ್ರಿ ಮಾಡಿದ ಏಪ್ರನ್ ಹಾಕಿದ್ದೆ, ತುಟಿಗೆ ಸ್ವಲ್ಪ ಬಣ್ಣ ಕೂಡ ಹಚ್ಚಿದ್ದೆ. "ಮದುವೆ ಹೆಣ್ಣಿನ ಥರಾ ಇದ್ದೀಯ," ಎಂದು ಗುಂಡುಲಾ ಛೇಡಿಸಿದಳು. ಅವರು ಬೂದು ಕೋಟು ತೊಟ್ಟು, ತಳ್ಳುಬುಟ್ಟಿ ತಳ್ಳಿಕೊಂಡು, ಹಾಲು ಬೆಣ್ಣೆ ತೆಗೆದು ನನ್ನ ಮುಂದೆ ಇಟ್ಟರು. ನಮಸ್ಕಾರ ಹೇಳಿದೆ. ಬೆಲೆ ಹೇಳಿದೆ. ಚಿಲ್ಲರೆ ಎಣಿಸಿ ಕೊಟ್ಟೆ, ಬಿಲ್ಲು ಹರಿದು ಎರಡೂ ಕೈಯಲ್ಲಿ ಕೊಟ್ಟೆ. ಅವರ ಮುಖದಲ್ಲಿ ಮೆಚ್ಚುಗೆ ಕಂಡಿತು, ನಾನು ಸುಳ್ಳು ಹೇಳುತ್ತಿಲ್ಲ. ಕೆಲಸ ನನ್ನದೇ ಎಂದುಕೊಂಡೆ.

ಅಷ್ಟರಲ್ಲಿ ಅವರ ಕಣ್ಣು ಬರಿದಾದ ಶೆಲ್ಫಿನ ಮೇಲೆ ಬಿತ್ತು.

"ಕಾಫಿ ಇಲ್ವಾ?" ಎಂದರು.

ಕ್ಷಮಿಸಿ, ಗುರುವಾರ ಬರುತ್ತದೆ, ಎನ್ನಬೇಕು. ಅದೇ ನಮಗೆ ಕಲಿಸಿದ ಉತ್ತರ. ಆದರೆ ಅವರು ಕೇಳಿದ ದನಿ ಇದೆಯಲ್ಲ! ಕತ್ತು ಸ್ವಲ್ಪ ಮುಂದೆ ಬಾಗಿತ್ತು, ದನಿ ಇಳಿದಿತ್ತು, ಕಣ್ಣು ಪಕ್ಕಕ್ಕೆ ಹೋಗಿ ಬಂತು. ಅವರೂ ನಮ್ಮ ಕಡೆಯವರೇ, ಇದೇ ಊರಿನ ಸಾಲುಗಳಲ್ಲಿ ನಿಂತು ದೊಡ್ಡವರಾದವರು. ನನ್ನ ಮಂಡಿ ತಾನಾಗಿ ಬಗ್ಗಿತು. ಪೇಪರಿನಲ್ಲಿ ಸುತ್ತಿ ಇಟ್ಟಿದ್ದ ಪೊಟ್ಟಣ ಮೇಲೆ ಬಂತು.

"ನಿಮಗೋಸ್ಕರ ಅಂತಲೇ ಒಂದು ಎತ್ತಿಟ್ಟಿದ್ದೆ," ಎಂದೆ. ಹಸಿ ಸುಳ್ಳು, ಅದು ಗುಂಡುಲಾಳದ್ದು.

ಅವರು ನನ್ನ ಕೈಯನ್ನು ಒಮ್ಮೆ ಒತ್ತಿದರು. ಪೊಟ್ಟಣವನ್ನು ತಳ್ಳುಬುಟ್ಟಿಗೆ ಹಾಕಲಿಲ್ಲ, ತಮ್ಮ ಸ್ವಂತ ಕೈಚೀಲಕ್ಕೆ ಇಳಿಬಿಟ್ಟು, ಮೇಲೆ ಶಾಲು ಮುಚ್ಚಿ, ಏನೂ ಆಗದವರಂತೆ ಬಾಗಿಲ ಕಡೆ ನಡೆದರು. ಬಿಲ್ಲಿನ ನೆನಪು ನಮ್ಮಿಬ್ಬರಿಗೂ ಆಗಲಿಲ್ಲ, ಮೈಮೇಲೆ ಎಚ್ಚರವೇ ಇರಲಿಲ್ಲ.

"ನಿಲ್ಲಿ! ಬ್ಯಾಗ್ ತೆಗೀರಿ!"

ಸಾಬೂನಿನ ಪುಡಿಯ ಹಿಂದಿನಿಂದ ಎಕಾರ್ಟ್ ಹಾರಿ ಬಂದಿದ್ದ. ಪಾಪಿಯ ಕಣ್ಣಲ್ಲಿ ಆನಂದಬಾಷ್ಪ. ಚೀಲ ತೆಗೆಸಿದ, ಶಾಲು ಎತ್ತಿದ, ಪೇಪರು ಬಿಚ್ಚಿದ. ಚಿನ್ನದ ಪಟ್ಟಿ ಮಿಂಚಿತು. ಇಡೀ ಅಂಗಡಿ ಸುತ್ತ ನೆರೆಯಿತು. ಅಯ್ಯೋ ಕರ್ಮವೇ, ಎಂದುಕೊಂಡೆ.

ಕ್ರೆಸಿನ್ ಸುಣ್ಣದ ಗೋಡೆಯಾದ. ಬಾಗಿಲ ಮೇಲೆ ಕ್ಯಾಮೆರಾ ಇತ್ತು, ಅದು ಅಸಲಿ, ಅದರಲ್ಲಿ ಎಲ್ಲಾ ಬಂದಿತ್ತು. "ವರದಿ ಬರೀಲೇಬೇಕು," ಎಂದು ತೊದಲಿದ. "ಬರೀದೆ ಇದ್ರೆ ನನ್ ತಲೆಗೆ ಬರತ್ತೆ."

"ಖಾಲಿ ಪೊಟ್ಟಣ ರೀ ಅದು!" ಎಂದಳು ಗುಂಡುಲಾ. "ಖಾಲಿ ಪೊಟ್ಟಣಕ್ಕೆ ಎಂಥಾ ಕಳ್ತನ?"

"ಅದು ಖಾಲಿ ಅಂದ್ರೆ ಎಲ್ಲಾನೂ ಖಾಲಿ! ಈ ಅಂಗಡಿನೇ ಖಾಲಿ! ಆಗ ನಾವೆಲ್ಲಾ ಇಲ್ಲಿ ಏನ್ ಮಾಡ್ತಿದೀವಿ ಹೇಳಿ?" ಎಂದು ಕ್ರೆಸಿನ್ ಕಿರುಚಿದ.

ಫ್ರಾವ್ ನಿಚ್ಕೆ ಬಾಯಿ ತೆರೆದರು, ಮುಚ್ಚಿದರು. ಅದು ಖಾಲಿ ಎಂದು ಅವರಾದರೂ ಹೇಗೆ ಹೇಳುತ್ತಾರೆ? ಇದು ನಿಜವಾದ ಅಂಗಡಿಗೆ ಸಮ ಎಂದು ಬರೆದು ಮೊಹರು ಒತ್ತಿದವರೇ ಅವರು. ಹತ್ತು ನಿಮಿಷ ತಡವಾಗಿ ಬಂದವರ ಭತ್ಯೆ ಕತ್ತರಿಸಿದವರೂ ಅವರೇ. ಪಿಂಚಣಿಗೆ ಇನ್ನೇನು ಎರಡು ವರ್ಷ ಎಂದು ಊರಿಗೆಲ್ಲ ಗೊತ್ತಿತ್ತು. ಕಳ್ಳತನದ ವರದಿ ಮಾಗ್ದೆಬುರ್ಗಿಗೆ ಹೋದರೆ ಆ ಎರಡು ವರ್ಷವೂ ಇಲ್ಲ, ಪಿಂಚಣಿಯೂ ಇಲ್ಲ.

ಅವರು ನನ್ನ ಕಡೆ ನೋಡಿದರು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಪ್ರತಿ ತಿಂಗಳು ಅವರ ಮೇಜಿನ ಮುಂದೆ ಕೂತಾಗ ನಾನು ಹಾಕಿಕೊಳ್ಳುವ ಮುಖವೇ ಅದು. ಸಂತೋಷ ಆಯಿತಾ ಎಂದು ಕೇಳಿದರೆ, ಆಯಿತು. ಒಂದು ಗಳಿಗೆ, ಚೆನ್ನಾಗಿಯೇ ಆಯಿತು. ಉಪ್ಪು ತಿಂದವರು ನೀರು ಕುಡಿಯಲಿ ಬಿಡು, ಬಾಯಿ ಮುಚ್ಚಿಕೊಂಡಿದ್ದರೆ ಲೈಪ್ಸಿಗ್ ರಸ್ತೆ ನನ್ನದು, ಎನ್ನಿಸಿತು. ಆದರೆ ಬಗ್ಗಿ ಕೊಟ್ಟವಳು ನಾನು. ಬಗ್ಗಿ ಕೊಟ್ಟದ್ದನ್ನು ಪಡೆದವರನ್ನು ಹಿಡಿದುಕೊಡುವುದು ನಮ್ಮಲ್ಲಿ ಇಲ್ಲ. ಅಂಥವಳ ಮನೆಗೆ ಆಮೇಲೆ ಯಾರೂ ಕಾಲಿಡುತ್ತಿರಲಿಲ್ಲ.

"ಅವರು ದುಡ್ಡು ಕೊಟ್ರು," ಎಂದೆ. "ನಾನೇ ಬಿಲ್ ಹಾಕ್ಲಿಲ್ಲ."

"ಮತ್ತೆ ದುಡ್ಡೆಲ್ಲಿ?" ಎಂದ ಕ್ರೆಸಿನ್.

ಏಪ್ರನ್ನಿನ ಜೇಬಿನಿಂದ ನನ್ನದೇ ಒಂದು ಆಟದ ನೋಟು ತೆಗೆದು ತೋರಿಸಿದೆ. "ಇಟ್ಕೊಂಡೆ."

ಎಕಾರ್ಟ್ ಅವರ ತೋಳು ಬಿಟ್ಟು ನನ್ನ ತೋಳು ಹಿಡಿದ. ಅವನಿಗೆ ಒಬ್ಬರು ಸಿಕ್ಕರೆ ಸಾಕಿತ್ತು. "ಕ್ಷಮಿಸೇ," ಎಂದು ಕಿವಿಯಲ್ಲಿ ಪಿಸುಗುಟ್ಟಿದ. "ಥ್ಯಾಂಕ್ಸ್ ಕಣೇ."

ತಂಪು ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅದು ತಂಪೂ ಇರಲಿಲ್ಲ, ಯಂತ್ರಕ್ಕೆ ಕರೆಂಟು ಕೊಟ್ಟಿರಲಿಲ್ಲ. ಪ್ಲಾಸ್ಟಿಕ್ ಕೋಳಿಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಸತ್ಯ ಹೇಳಬೇಕೆಂದರೆ ನನ್ನ ದೊಡ್ಡತನಕ್ಕೆ ನನಗೇ ಸಿಟ್ಟು ಬಂದಿತ್ತು.

ವರದಿ ಹೋಯಿತು. ನನ್ನನ್ನು ತರಬೇತಿಯಿಂದ ತೆಗೆದರು. ನನ್ನ ಭತ್ಯೆಯಲ್ಲಿ ಮೂರರಲ್ಲೊಂದು ಪಾಲು ಕತ್ತರಿಸುವ ಕಾಗದಕ್ಕೆ ಸಹಿ ಹಾಕಬೇಕಾದವರು ಯಾರೆಂದುಕೊಂಡಿರಿ? ಫ್ರಾವ್ ನಿಚ್ಕೆ. ಹಾಕಿದರು. ಲೈಪ್ಸಿಗ್ ರಸ್ತೆಯ ಕೆಲಸ ಎಕಾರ್ಟನಿಗೆ ಹೋಯಿತು, ಕಾವಲುಗಾರನಾಗಿ. ಬಡ್ಡೀಮಗ, ಮೊದಲ ಸಂಬಳಕ್ಕೆ ಸಿಹಿ ಹಿಡಿದುಕೊಂಡು ನಮ್ಮನೆಗೆ ಬಂದ. ಬೈದು ಕಳಿಸೋಣ ಎಂದಿದ್ದೆ, ಆದರೆ ಅವನು ಹೊಸ ಸಮವಸ್ತ್ರದಲ್ಲಿ ಬಾಗಿಲಲ್ಲಿ ಅಂಜಿಕೊಂಡು ನಿಂತಿದ್ದುದನ್ನು ನೋಡಿ ಒಳಗೆ ಕರೆದೆ. ಆ ವಸಂತದಲ್ಲಿ ನಾನು ಆಲೂಗಡ್ಡೆ ಬಿಟ್ಟು ಬೇರೇನೂ ಬೇಯಿಸಿದ ನೆನಪಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯ ಹತ್ತಿರ ಕೂರುತ್ತಿದ್ದೆ. ನನ್ನನ್ನು ಯಾರಾದರೂ ಅಲುಗಾಡಿಸಿದರೆ ಒಳಗೆ ಏನೂ ಸದ್ದಾಗುವುದಿಲ್ಲ ಎನ್ನಿಸುತ್ತಿತ್ತು.

ಮೇ ತಿಂಗಳಲ್ಲಿ ಫ್ರಾವ್ ನಿಚ್ಕೆ ಕಚೇರಿಗೆ ಕರೆಸಿದರು. ಬಾಗಿಲು ಹಾಕಿ, ಕುರ್ಚಿ ತೋರಿಸಿದರು.

"ಅದು ಖಾಲಿ ಅಂತ ನನಗೆ ಗೊತ್ತಿತ್ತು, ಫ್ರಾವ್ ಕಾಲಿಶ್. ಗೊತ್ತಿದ್ದೂ ನಾನ್ಯಾಕೆ ತಗೊಂಡೆ?"

"ನನಗೂ ಗೊತ್ತಿತ್ತು. ನಾನ್ಯಾಕೆ ಕೊಟ್ಟೆ?"

ಅವರಿಗೆ ನಗು ಬಂತೋ ಅಳು ಬಂತೋ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಅಧಿಕಾರಿಯ ದನಿ ವಾಪಸ್ಸು ಬಂತು. "ನಿಮಗೊಂದು ಕೆಲಸ ಇದೆ. ಕಾಯಂ. ಒಳ್ಳೇ ಸಂಬಳ, ರಜೆ, ವಿಮೆ, ಪಿಂಚಣಿ ಎಲ್ಲಾ."

"ಎಲ್ಲಿ?"

"ಅಲ್ಲೇ. ಕ್ರೆಸಿನ್ ರಾಜೀನಾಮೆ ಕೊಟ್ಟು ಊರಿಗೆ ಹೋಗ್ತಿದಾರೆ, ಅವರಿಗೆ ನಿದ್ದೆ ಬರ್ತಿಲ್ವಂತೆ. ಅವರ ಜಾಗಕ್ಕೆ ನೀವು."

"ಕಳ್ಳಿ ಅಂತ ಬರ್ಕೊಂಡಿದೀರಲ್ರೀ ನನ್ನ!"

"ಅದು ಭತ್ಯೆ ವಿಭಾಗ. ಇದು ನೇಮಕಾತಿ. ಅವರ ಕಡತ ಇವರು ನೋಡೋ ಹಾಗಿಲ್ಲ." ಅವರು ಮುಂದೆ ಬಾಗಿದರು. "ಮಾಗ್ದೆಬುರ್ಗಿನವರಿಗೆ ಬೇಕಾಗಿರೋದೇ ನಿಮ್ಮಂಥವರು. ರಾಜ್ಯದ ತರಬೇತಿ ಅಂಗಡಿಗಳಲ್ಲೆಲ್ಲಾ ಸರಕು ಪೂರ್ತಿ ಖರ್ಚಾಗಿರೋದು ನಮ್ಮೂರಲ್ಲಿ ಮಾತ್ರ. ಹೇಗೆ ಮಾರಿದ್ರಿ ಅಂತ ಅವರಿಗೆ ತಿಳೀಬೇಕಂತೆ."

ಕೇಳಿಯೇ ಬಿಟ್ಟೆ. "ಒಂದು ಶೆಲ್ಫಿಗಾದ್ರೂ ನಿಜವಾದ ಸಾಮಾನು ಇಡಬಹುದಾ? ಬರೀ ಉಪ್ಪಾದ್ರೂ ಸಾಕು."

"ನಿಜವಾದ ಸಾಮಾನು ಇಟ್ರೆ ಅಂಗಡಿ ಪರವಾನಗಿ ಬೇಕು. ಆಗ ಅದು ತರಬೇತಿ ಅನ್ನಿಸ್ಕೊಳ್ಳಲ್ಲ." ನಿಜವಾಗಿಯೂ ಬೇಸರದಿಂದಲೇ ಹೇಳಿದರು.

ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಆಚೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಖುಷಿಯಾಗುತ್ತಿತ್ತು, ಖುಷಿಯಾಗುತ್ತಿದೆಯಲ್ಲಾ ಎಂದು ಅವಮಾನವೂ ಆಗುತ್ತಿತ್ತು. ಗುಂಡುಲಾಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ನನ್ನನ್ನು ತಬ್ಬಿಕೊಂಡಳು.

ಜೂನ್ ಮೊದಲ ಸೋಮವಾರ ಹೊಸ ತಂಡ ಬಂತು. ನಾನು ಕ್ರೆಸಿನ್ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಹಾಜರಿ ಕರೆದೆ. ಎಲ್ಲರೂ ಕೋಟು ಕೂಡ ಬಿಚ್ಚದೆ, ಆಸ್ಪತ್ರೆಯಲ್ಲಿ ಕಾಯುವವರ ಹಾಗೆ ನಿಂತಿದ್ದರು. ಮುಂದಿನ ಸಾಲಿನಲ್ಲಿದ್ದ ಒಬ್ಬಳು ಹಾಲಿನ ಡಬ್ಬಿ ಕೈಗೆತ್ತಿಕೊಂಡಳು. ನನ್ನಷ್ಟೇ ವಯಸ್ಸು, ಹೊಲಿಗೆ ಕೆಲಸ ಮಾಡಿದವಳ ಬೆರಳು. ಡಬ್ಬಿ ಹಗುರವಾಗಿದ್ದುದು ಅವಳಿಗೆ ತಿಳಿಯಿತು. ಅಲ್ಲಾಡಿಸಿ ನೋಡಿದಳು, ಮೆಲ್ಲಗೆ ವಾಪಸ್ಸು ಇಟ್ಟಳು.

"ಮೇಡಂ," ಎಂದಳು, "ಇದೆಲ್ಲಾ ಮುಗಿದ್ಮೇಲೆ ನಿಜವಾದ ಕೆಲಸ ಸಿಗತ್ತೆ ತಾನೆ?"

ಉಳಿದವರೂ ತಲೆ ಎತ್ತಿ ನನ್ನ ಮುಖವನ್ನೇ ನೋಡತೊಡಗಿದರು. ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನೂ ಕೈ ನಿಲ್ಲಿಸಿದ. ಸಿಗುವುದಿಲ್ಲ ತಾಯಿ, ಮನೆಗೆ ಹೋಗು, ಎಂದು ಹೇಳಲು ನಾನು ಬಾಯಿ ತೆರೆದೆ.

"ಸಿಗತ್ತಮ್ಮಾ," ಎಂದೆ. "ನನಗೆ ಸಿಗ್ಲಿಲ್ವಾ?"

ಅವಳು ಸಮಾಧಾನದಿಂದ ತಲೆ ಅಲ್ಲಾಡಿಸಿ, ಕೋಟು ಬಿಚ್ಚಿ, ಏಪ್ರನ್ ಕಟ್ಟಿಕೊಂಡಳು.